ಥಿಯೊಡೋರಾಳ ನಂಬಿಕೆಗೆ ಮುಜುಗರ ಯಾಕೆ?

ಹದಿನೆಂಟನೇ ಶತಮಾನದ ಸಂಗೀತ ಸಂಯೋಜಕ ಹ್ಯಾಂಡೆಲ್‌ನ ಒರಟೋರಿಯೊಗಳು ಕೂತು ಕೇಳುವ ಭಕ್ತಿಸಂಗೀತ, ಅವನ್ನು ಒಪೆರಾ ಮಾಡಿ ರಂಗಕ್ಕೆ ತರಬಾರದು ಅನ್ನುವವರು ಇನ್ನೂ ಇದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಧಾರಾಳವಾಗಿ ತರಲಿ. ಆದರೆ ಆ ಪಾತ್ರಗಳ ನಂಬಿಕೆಯ ಬಗ್ಗೆ ನಿರ್ದೇಶಕರಿಗೇ ಮುಜುಗರವಾದರೆ ಎಷ್ಟು ಒಳ್ಳೆಯ ಗಾಯಕರಿದ್ದರೂ ಪ್ರಯೋಗ ಗಟ್ಟಿಯಾಗಿ ನಿಲ್ಲುವುದಿಲ್ಲ. ನನ್ನ ತಕರಾರು ಅಷ್ಟೇ, ಆದರೆ ಅದು ಸಣ್ಣದಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಒರಟೋರಿಯೊದಲ್ಲಿ ಪಾತ್ರಗಳಿವೆ, ಕಥೆಯಿದೆ, ಜಗಳ, ಸಾವು ಎಲ್ಲ ಇದೆ. ವೇಷ ಮತ್ತು ಅಭಿನಯ ಮಾತ್ರ ಇಲ್ಲ. ಬಯಲಾಟದ ಪಕ್ಕ ತಾಳಮದ್ದಳೆ ಇಟ್ಟು ನೋಡಿದರೆ ನಮಗೆ ಸುಲಭವಾಗಿ ಅರ್ಥವಾಗುತ್ತದೆ. 1732ರಲ್ಲಿ ಹ್ಯಾಂಡೆಲ್ ಲಂಡನ್ನಿನ ಕಿಂಗ್ಸ್ ಥಿಯೇಟರಿನಲ್ಲಿ 'ಎಸ್ತರ್' ಮಾಡಲು ಹೊರಟಾಗ ಬೈಬಲ್ಲಿನ ಕಥೆಯನ್ನು ರಂಗದ ಮೇಲೆ ಅಭಿನಯಿಸುವುದಕ್ಕೆ ಬಿಷಪ್ ಎಡ್ಮಂಡ್ ಗಿಬ್ಸನ್ ಅಡ್ಡ ಬಂದರು. ಅಭಿನಯ ಇರುವುದಿಲ್ಲ ಎಂದು ಜಾಹೀರಾತಿನಲ್ಲೇ ಅಚ್ಚು ಹಾಕಿಸಬೇಕಾಯಿತು. ಆಮೇಲೂ ಹ್ಯಾಂಡೆಲ್ ಒರಟೋರಿಯೊಗಳನ್ನು ಹೆಚ್ಚಾಗಿ ಮಾಡಿದ್ದು ರಂಗಮಂದಿರದಲ್ಲೇ, ಚರ್ಚಿನಲ್ಲಲ್ಲ. 1739ರ 'ಸೌಲ'ದ ಪಠ್ಯದಲ್ಲಿ ಸೌಲ ದಾವೀದನ ಮೇಲೆ ಈಟಿ ಎಸೆಯುವ ರಂಗಸೂಚನೆಯೇ ಇದೆ. ನಾಟಕ ಅದರೊಳಗೆ ಮೊದಲಿನಿಂದಲೂ ಇತ್ತು, ಯಾರೋ ಈಗ ತಂದು ತುರುಕಿದ್ದಲ್ಲ.

ನನಗೆ ಇವುಗಳಲ್ಲೆಲ್ಲ ತುಂಬ ಇಷ್ಟವಾದದ್ದು 'ಥಿಯೊಡೋರಾ'. ನಾಲ್ಕನೇ ಶತಮಾನದ ಅಂತಿಯೋಕ್ಯ. ರೋಮನ್ ದೇವತೆಗಳಿಗೆ ಪೂಜೆ ಮಾಡುವುದಿಲ್ಲ ಎಂದ ಕ್ರೈಸ್ತ ಹೆಣ್ಣಿಗೆ ರಾಜ್ಯಪಾಲ ವೇಲೆನ್ಸ್ ಮರಣದಂಡನೆ ಕೊಡುವುದಿಲ್ಲ, ವೇಶ್ಯಾವೃತ್ತಿಗೆ ತಳ್ಳುತ್ತಾನೆ. ಅವಳನ್ನು ಪ್ರೀತಿಸುವ, ಗುಟ್ಟಾಗಿ ಕ್ರೈಸ್ತನಾದ ರೋಮನ್ ಯೋಧ ಡಿಡಿಮಸ್ ಸೆರೆಮನೆಗೆ ಹೋಗಿ ಬಟ್ಟೆ ಬದಲಿಸಿಕೊಂಡು ಅವಳನ್ನು ಕಳಿಸಿಬಿಡುತ್ತಾನೆ. ಅವನಿಗೆ ಶಿಕ್ಷೆಯಾಯಿತೆಂದು ತಿಳಿದು ಅವಳು ತಾನಾಗಿ ಮರಳಿ ಬರುತ್ತಾಳೆ. ಇಬ್ಬರೂ ಸಾಯುತ್ತಾರೆ. 1750ರ ಮಾರ್ಚ್‌ನಲ್ಲಿ ಕೋವೆಂಟ್ ಗಾರ್ಡನ್ನಿನಲ್ಲಿ ಮೊದಲ ಪ್ರದರ್ಶನವಾದಾಗ ಜನ ಬರಲಿಲ್ಲ. ಲಂಡನ್ನಿನಲ್ಲಿ ಆಗಷ್ಟೇ ಎರಡು ಸಲ ಭೂಮಿ ನಡುಗಿತ್ತು. ಆ ವರ್ಷ ಮೂರೇ ಪ್ರದರ್ಶನ. ಹ್ಯಾಂಡೆಲ್‌ಗೆ ಮಾತ್ರ ಇದರ ಮೇಲೆ ಅಪಾರ ಮಮತೆ. ಎರಡನೇ ಅಂಕದ ಕೊನೆಯ ಕೋರಸ್ (ಮೇಳಗೀತೆ) ತನ್ನದೇ 'ಮೆಸ್ಸಾಯ'ದ ಪ್ರಸಿದ್ಧ 'ಹಲ್ಲೆಲೂಯಾ'ಗಿಂತ ಎಷ್ಟೋ ಮೇಲು ಎಂದು ಅವನು ಹೇಳುತ್ತಿದ್ದನೆಂದು ಪಠ್ಯ ಬರೆದ ಥಾಮಸ್ ಮೊರೆಲ್ ದಾಖಲಿಸಿದ್ದಾರೆ.

1996ರಲ್ಲಿ ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್ ಒಪೆರಾ ಉತ್ಸವದಲ್ಲಿ ನಿರ್ದೇಶಕ ಪೀಟರ್ ಸೆಲ್ಲರ್ಸ್ ಇದನ್ನು ರಂಗಕ್ಕೆ ತಂದರು, ಸಂಗೀತ ನಡೆಸಿದವರು ವಿಲಿಯಂ ಕ್ರಿಸ್ಟಿ. ಕಥೆ ನಡೆಯುವುದು ಇಂದಿನ ಅಮೆರಿಕದಲ್ಲಿ. ವೇಲೆನ್ಸ್ ಅಲ್ಲಿಯ ರಾಜಕಾರಣಿ. ಕಾಲ, ದೇಶ, ಬಟ್ಟೆ ಎಲ್ಲ ಬದಲು. ನಂಬಿಕೆ ಮಾತ್ರ ಕೂದಲಷ್ಟೂ ಕದಲಿಲ್ಲ.

ಥಿಯೊಡೋರಾಳ ಕ್ರೈಸ್ತ ಗೆಳತಿ ಐರೀನಳ ಬೆಳಗಿನ ಹಾಡನ್ನೇ ತೆಗೆದುಕೊಳ್ಳಿ. ಇಲ್ಲಿ ಮೊದಲ ಭಾಗ ಮುಗಿದು, ನಡುವಿನದು ಬಂದು, ಮೊದಲಿನದೇ ಮತ್ತೆ ಬರುತ್ತದೆ. ಒರಟೋರಿಯೊ ಆಡಿಸುವವರಿಗೆ ದೊಡ್ಡ ಕಷ್ಟ ಇದೇ: ಅದೇ ಮಾತು ಇನ್ನೊಮ್ಮೆ ಬರುವಾಗ ರಂಗದ ಮೇಲೆ ಮಾಡುವುದೇನು? ಎಷ್ಟೋ ನಿರ್ದೇಶಕರು ಗಾಬರಿಯಾಗಿ ಹಿಂದೆ ನಾಲ್ಕು ಜನರನ್ನು ಓಡಾಡಿಸುತ್ತಾರೆ. ಐರೀನಳಾಗಿ ಹಾಡಿದ ಲೊರೇನ್ ಹಂಟ್ ಇಲ್ಲಿ ಹೆಚ್ಚೇನೂ ಮಾಡುವುದಿಲ್ಲ. ನಿಂತಿದ್ದಾರೆ, ಕೈ ನಿಧಾನವಾಗಿ ಚಲಿಸುತ್ತದೆ. ಮೊದಲ ಸಲ ಬೆಳಗಾಗುತ್ತದೆ ಎಂದು ಹಾಡಿದ ಹೆಂಗಸು ಎರಡನೇ ಸಲ ಅದನ್ನೇ ತನಗೆ ತಾನು ಹೇಳಿಕೊಂಡು ಧೈರ್ಯ ತಂದುಕೊಳ್ಳುತ್ತಿದ್ದಾಳೆ ಅನ್ನಿಸುತ್ತದೆ. ಪುನರಾವರ್ತನೆ ಪ್ರಾರ್ಥನೆಯಾಗುತ್ತದೆ. ಕೈಮುಗಿದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡ ಯಾರಿಗಾದರೂ ಇದನ್ನು ವಿವರಿಸಬೇಕಿಲ್ಲ.

ಕೊನೆಯಲ್ಲಿ ಥಿಯೊಡೋರಾ, ಡಿಡಿಮಸ್ ಇಬ್ಬರನ್ನೂ ಸ್ಟ್ರೆಚರಿನಂಥ ಹಲಗೆಗಳಿಗೆ ಬೆಲ್ಟ್ ಬಿಗಿದು ಮಲಗಿಸುತ್ತಾರೆ. ವಿಷದ ಇಂಜೆಕ್ಷನ್, ಅಮೆರಿಕದ ಮರಣದಂಡನೆ. ಆ ಪಾತ್ರಗಳ ಗಾಯಕರಾದ ಡಾನ್ ಅಪ್‌ಶಾ, ಡೇವಿಡ್ ಡೇನಿಯಲ್ಸ್ ಹಾಗೆ ಮಲಗಿಯೇ ಕೊನೆಯ ಯುಗಳಗೀತೆ ಹಾಡುತ್ತಾರೆ. ಸರ್ಕಾರ ಕೊಲ್ಲುವುದು ಹೇಗಿರುತ್ತದೆ ಎಂದು ತೋರಿಸಿದ ಹಾಗೂ ಆಯಿತು, ಸಾಯುವವರು ಸೋತಿಲ್ಲ ಎಂದ ಸಂಗೀತದ ಮಾತು ಉಳಿದ ಹಾಗೂ ಆಯಿತು.

2022ರಲ್ಲಿ ನಿರ್ದೇಶಕಿ ಕೇಟಿ ಮಿಚೆಲ್ ಇದನ್ನು ಲಂಡನ್ನಿನ ರಾಯಲ್ ಒಪೆರಾ ಹೌಸಿಗೆ, ಅಂದರೆ ಅದು ಹುಟ್ಟಿದ ಕೋವೆಂಟ್ ಗಾರ್ಡನ್ನಿಗೇ, ಮರಳಿ ತಂದರು. ಥಿಯೊಡೋರಾ ಆದ ಜೂಲಿಯಾ ಬುಲಕ್, ಐರೀನ್ ಆದ ಜಾಯ್ಸ್ ಡಿಡೊನಾಟೊ ಇಬ್ಬರ ಹಾಡುಗಾರಿಕೆಯೂ ಅದ್ಭುತ. ಕಥೆ ರೋಮನ್ ರಾಯಭಾರ ಕಚೇರಿಯಲ್ಲಿ ನಡೆಯುತ್ತದೆ, ಕ್ರೈಸ್ತರು ಅಲ್ಲಿಯ ಅಡುಗೆಮನೆಯಲ್ಲಿ ಬಾಂಬ್ ತಯಾರಿಸುತ್ತಾರೆ. ಕೊನೆಗೆ ಪ್ರೇಮಿಗಳನ್ನು ಮಾಂಸದ ಫ್ರೀಜರಿನಲ್ಲಿ ಕೂಡಿಹಾಕಲಾಗುತ್ತದೆ, ಆದರೆ ಅವರು ಬದುಕಿಕೊಳ್ಳುತ್ತಾರೆ. ರಂಗದ ಮೇಲೆ ಹೆಣ್ಣು ಎಷ್ಟು ಕಾಲ ಸುಮ್ಮನೆ ಸಾಯುತ್ತಲೇ ಇರಬೇಕು? ಇದು ನ್ಯಾಯವಾದ ಪ್ರಶ್ನೆಯೇ, ಅಲ್ಲಗಳೆಯುವುದಿಲ್ಲ. ಆದರೆ ಥಿಯೊಡೋರಾ ಸುಮ್ಮನೆ ಸಾಯುವವಳಲ್ಲವಲ್ಲ! ತಪ್ಪಿಸಿಕೊಂಡ ಮೇಲೂ ಮರಳಿ ಬಂದು ತನ್ನ ಸಾವನ್ನು ತಾನೇ ಕೇಳಿದವಳು. ಇಡೀ ಕಥೆಯಲ್ಲಿ ಅವಳಷ್ಟು ಸ್ವತಂತ್ರರು ಇನ್ಯಾರೂ ಇಲ್ಲ.

ಸಂಗೀತವೂ ಈ ಬದಲಾವಣೆಗೆ ಒಗ್ಗುವುದಿಲ್ಲ. ಹ್ಯಾಂಡೆಲ್ ಬರೆದ ಕೊನೆಯಲ್ಲಿ ಐರೀನ್, ಇಷ್ಟರಲ್ಲಿ ಅವರ ಕಥೆ ಮುಗಿದಿರುತ್ತದೆ, ಪ್ರೀತಿ ಸಾವಿಗಿಂತ ಬಲಶಾಲಿ ಎಂದು ತೋರಿಸಲು ಹೋಗಿದ್ದಾರೆ ಎನ್ನುತ್ತಾಳೆ. ನಂತರದ ಕೋರಸ್‌ನಲ್ಲಿ ಗೆಲುವಿನ ಕಹಳೆಯಿಲ್ಲ. ಉಳಿದವರು ತಮಗೂ ಅಷ್ಟೇ ಕಿಚ್ಚು ಕೊಡು ಎಂದು ತಗ್ಗಿದ ದನಿಯಲ್ಲಿ ಬೇಡುತ್ತಾರೆ. ಅಗಲಿದವರನ್ನು ನೆನೆದು ಹಾಡುವ ಹಾಡದು. ಅಗಲಿದವರೇ ಇಲ್ಲದಿದ್ದರೆ ಆ ದುಃಖ ಯಾರದು? ಬಾಂಬ್ ಹಿಡಿದ ಗುಂಪಿನ ಬಾಯಲ್ಲಿ ಆ ಕಿಚ್ಚಿನ ಅರ್ಥವಂತೂ ತಲೆಕೆಳಗಾಗಿಬಿಡುತ್ತದೆ.

ಎರಡೂ ಪ್ರಯೋಗಗಳ ವಿಡಿಯೊ ಇದೆ, ನಾನು ನೋಡಿದ್ದೂ ಹಾಗೆಯೇ. ಹೊಸದಾಗಿ ನೋಡುವವರು ಸೆಲ್ಲರ್ಸ್ ಅವರದ್ದರಿಂದ ಶುರುಮಾಡಿ. ಮೂರು ಗಂಟೆಗೂ ಮೀರಿದ್ದು, ಒಂದೇ ಸಲಕ್ಕೆ ಆಗದಿದ್ದರೆ ಎರಡನೇ ಅಂಕದ ಸೆರೆಮನೆಯ ದೃಶ್ಯವನ್ನಾದರೂ ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ನೋಡಿ. ಆಮೇಲೆ ಮಿಚೆಲ್ ಅವರದ್ದನ್ನೂ ನೋಡಿ ಬನ್ನಿ, ಜಗಳ ಮಾಡೋಣ.