ನೀತಿ ಪರೀಕ್ಷೆಗೊಂದು ಕಾಪಿ ಚೀಟಿ

ಗಣಿತದಲ್ಲಿ ಕಾಪಿ ಹೊಡೆದವನನ್ನು ಕ್ಷಮಿಸಬಹುದು. ಸೂತ್ರ ಮರೆತಿರುತ್ತದೆ, ಪಾಪ. ‘ಕಾಪಿ ಹೊಡೆಯುವುದು ಸರಿಯೇ?’ ಎಂಬ ಪ್ರಶ್ನೆಗೆ ಪಕ್ಕದವನ ಹಾಳೆ ಇಣುಕಿ ‘ತಪ್ಪು’ ಎಂದು ಟಿಕ್ ಹಾಕಿದವನನ್ನು ಏನು ಮಾಡೋಣ? ಏನೂ ಮಾಡಬೇಕಿಲ್ಲ. ಅವನಿಗೆ ಆಗಲೇ ದೊಡ್ಡ ಆಡಿಟ್ ಸಂಸ್ಥೆಯಲ್ಲಿ ಕೆಲಸ ಸಿಕ್ಕಿದೆ.

2022ರ ಜೂನ್‌ನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಅಲ್ಲಿನ ಇವೈ ಎಂಬ ಆಡಿಟ್ (ಲೆಕ್ಕಪರಿಶೋಧನೆ) ಸಂಸ್ಥೆಗೆ 10 ಕೋಟಿ ಡಾಲರ್ ದಂಡ ಜಡಿಯಿತು. ಆಡಿಟ್ ಸಂಸ್ಥೆಯೊಂದಕ್ಕೆ ಎಸ್‌ಇಸಿ ಅದುವರೆಗೆ ಹಾಕಿದ್ದರಲ್ಲಿ ಅದೇ ದೊಡ್ಡದು. ಸಿಪಿಎ, ಅಂದರೆ ಅಲ್ಲಿನ ಲೆಕ್ಕಪರಿಶೋಧಕರ ಲೈಸೆನ್ಸಿಗಾಗಿ ಬರೆಯುವ ನೀತಿಸಂಹಿತೆ ಪರೀಕ್ಷೆಯ ಉತ್ತರಗಳನ್ನು 49 ಮಂದಿ ಕಳಿಸಿದ್ದರು ಇಲ್ಲವೇ ತರಿಸಿಕೊಂಡಿದ್ದರು. ಬೇರೆ ತರಬೇತಿ ಪರೀಕ್ಷೆಗಳಲ್ಲಿ ನಕಲು ಮಾಡಿದವರು ನೂರಾರು. ‘ನಿಮ್ಮಲ್ಲೂ ಇಂಥದ್ದು ನಡೆಯುತ್ತಿದೆಯೇ?’ ಎಂದು 2019ರಲ್ಲೇ ನಿಯಂತ್ರಕರು ಕೇಳಿದ್ದರು. ಸದ್ಯಕ್ಕೆ ಅಂಥದ್ದೇನಿಲ್ಲ ಎಂಬ ಅರ್ಥ ಬರುವ ಉತ್ತರ ಹೋಯಿತು. ಸಂಸ್ಥೆಯೊಳಗೆ ಮಾತ್ರ ದೂರು ಬಂದಾಗಿತ್ತು.

ಇದು ಚೀಟಿ ಕಾಲದ ವಿದ್ಯೆ. ಇನ್ನೊಂದು ದೊಡ್ಡ ಆಡಿಟ್ ಸಂಸ್ಥೆ ಕೆಪಿಎಂಜಿಯವರದು ಇದಕ್ಕಿಂತ ನಾಜೂಕು. ಪರೀಕ್ಷೆಗೆಂದು ಬರುವ ಲಿಂಕಿನೊಳಗೇ ಪಾಸಾಗಲು ಬೇಕಾದ ಅಂಕ ಒಂದು ಸಂಖ್ಯೆಯಾಗಿ ಕೂತಿರುತ್ತಿತ್ತು. ಅದನ್ನು ಅಳಿಸಿ ಚಿಕ್ಕ ಸಂಖ್ಯೆ ಹಾಕಬೇಕು, ಎಂಟರ್ ಒತ್ತಬೇಕು, ತೋಚಿದ ಉತ್ತರ ಗುರುತು ಮಾಡಬೇಕು. ಕೆಲವರು ನೂರಕ್ಕೆ 25ಕ್ಕಿಂತ ಕಡಿಮೆ ಸರಿಯುತ್ತರ ಕೊಟ್ಟು ತೇರ್ಗಡೆಯಾದರು. ನಾಲ್ಕು ಆಯ್ಕೆಗಳ ಪ್ರಶ್ನೆಗೆ ಕಣ್ಣುಮುಚ್ಚಿ ಬೆರಳಿಟ್ಟರೂ 25 ಬರಬೇಕಿತ್ತಲ್ಲ! ಕೆಲವು ಪಾರ್ಟ್‌ನರ್‌ಗಳು ಉತ್ತರಕ್ಕಾಗಿ ತಮ್ಮ ಕೈಕೆಳಗಿನ ಹುಡುಗರ ಬಳಿ ಕೈಚಾಚಿದರು. ಯಾವ ಆಡಿಟ್‌ಗಳನ್ನು ನಿಯಂತ್ರಕರು ತಪಾಸಣೆ ಮಾಡಲಿದ್ದಾರೆ ಎಂಬ ಪಟ್ಟಿಯನ್ನು ಕದ್ದು ತಂದು, ಅದನ್ನು ನೋಡಿಕೊಂಡು ಹಳೆಯ ಕಡತಗಳನ್ನು ತಿದ್ದಿದ್ದೂ ಸೇರಿ 2019ರಲ್ಲಿ ಅವರಿಗೆ ಬಿದ್ದ ದಂಡ 5 ಕೋಟಿ ಡಾಲರ್.

ಲಿಂಕಿನ ತಂತ್ರವನ್ನು ಬರೀ ಕಳ್ಳತನ ಎಂದುಬಿಟ್ಟರೆ ವೃತ್ತಿಗೆ ಅನ್ಯಾಯವಾದೀತು. ಉತ್ತರವನ್ನು ಯಾರೂ ಮುಟ್ಟಲಿಲ್ಲ, ಗೆರೆಯನ್ನು ಮಾತ್ರ ಕೆಳಗಿಳಿಸಿದರು. ಗೆರೆ ಸರಿಸುವ ಈ ಕಲೆಗೆ ಆಡಿಟ್‌ನಲ್ಲಿ ಗೌರವದ ಹೆಸರೇ ಇದೆ: ಮೆಟೀರಿಯಾಲಿಟಿ. ಪ್ರತಿ ವೋಚರನ್ನೂ ನೋಡಲು ಯಾರಿಂದಲೂ ಆಗದು, ಹಾಗಾಗಿ ಎಷ್ಟರ ಮೇಲಿನ ತಪ್ಪನ್ನು ತಪ್ಪೆನ್ನಬೇಕು ಎಂದು ಮೊದಲೇ ಒಂದು ಮೊತ್ತ ನಿಗದಿಯಾಗುತ್ತದೆ. ರೂಢಿಯ ಲೆಕ್ಕ ತೆರಿಗೆಗೆ ಮುಂಚಿನ ಲಾಭದ ಶೇ 5. ಇಲ್ಲಿಯವರೆಗೆ ತಕರಾರಿಲ್ಲ.

ಈಗ ಒಂದು ಕಂಪನಿಯ ವಹಿವಾಟು 1,000 ಕೋಟಿ, ಲಾಭ 20 ಕೋಟಿ ಎನ್ನೋಣ. ಲಾಭದ ಶೇ 5 ಎಂದರೆ 1 ಕೋಟಿ. ಅಷ್ಟು ಸಣ್ಣ ಜರಡಿ ಹಿಡಿದರೆ ಸ್ಯಾಂಪಲ್ ಹೆಚ್ಚುತ್ತದೆ, ಹುಡುಗರು ರಾತ್ರಿಯೆಲ್ಲ ಕೂರಬೇಕು, ಫೀಸಿನಲ್ಲಿ ಗಿಟ್ಟುವುದಿಲ್ಲ. ಆಗ ಆಡಿಟರ್ ತನ್ನ ಕೆಲಸ ಬರೆದಿಡುವ ವರ್ಕಿಂಗ್ ಪೇಪರಿನಲ್ಲಿ ಒಂದು ಸಾಲು ಬರುತ್ತದೆ: ‘ಲಾಭದಲ್ಲಿ ಏರಿಳಿತ ಇರುವುದರಿಂದ ವಹಿವಾಟೇ ಸೂಕ್ತ ಮಾನದಂಡ.’ ವಹಿವಾಟಿನ ಶೇ 1 ಎಂದರೆ 10 ಕೋಟಿ. ಲಾಭದ ಅರ್ಧಭಾಗವೇ ಸುಳ್ಳಾಗಿದ್ದರೂ ಜರಡಿಯ ತೂತಿನಿಂದ ಸಲೀಸಾಗಿ ಇಳಿದುಹೋಗುತ್ತದೆ. ಕೆಳಗೆ ಸಹಿ, ಸೀಲು, ‘ಸತ್ಯ ಮತ್ತು ನ್ಯಾಯಯುತ ಚಿತ್ರಣ’.

ಜರಡಿಯಲ್ಲಿ ಅಡಿಕೆ ಹೋಗಲಿ ಬಿಡಿ, ಆನೆ ಹೋದದ್ದೂ ಉಂಟು. ಬ್ಯಾಂಕಿನಲ್ಲಿ ದುಡ್ಡಿದೆಯೇ ಎಂದು ನೋಡುವುದು ಆಡಿಟ್‌ನ ಒಂದನೇ ತರಗತಿ ಪಾಠ. ಬ್ಯಾಂಕಿನ ವಿಳಾಸವನ್ನು ಆಡಿಟರೇ ಸ್ವತಂತ್ರವಾಗಿ ಪತ್ತೆಮಾಡಬೇಕು. ಖಾತೆಯಲ್ಲಿ ಎಷ್ಟಿದೆ ಎಂದು ಕೇಳುವ ಪತ್ರವನ್ನು ತಾನೇ ಅಂಚೆಗೆ ಹಾಕಬೇಕು. ಉತ್ತರ ನೇರ ತನ್ನ ಕೈಗೇ ಬರಬೇಕು. ನಡುವೆ ಕಂಪನಿಯವರ ಬೆರಳು ತಗುಲಿದರೆ ಆ ಕಾಗದ ರದ್ದಿಗೆ ಸಮ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನಲ್ಲಿ ಈ ಪತ್ರವ್ಯವಹಾರದ ಲಗಾಮು ಆಡಿಟರ್ ಪ್ರೈಸ್ ವಾಟರ್‌ಹೌಸ್‌ನ ಕೈಯಲ್ಲಿರಲಿಲ್ಲ. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು, ಲೆಕ್ಕದಲ್ಲಿರುವ 5,040 ಕೋಟಿ ರೂಪಾಯಿ ನಗದು ಇಲ್ಲವೇ ಇಲ್ಲ ಎಂದರು. ಕಳ್ಳನೇ ಬಂದು ಬಾಗಿಲು ಬಡಿದು ಎಬ್ಬಿಸಬೇಕಾಯಿತು.

ಪಾಠ ಕಲಿಯಲು 11 ವರ್ಷ ಸಾಲಲಿಲ್ಲ. ಜರ್ಮನಿಯ ಹಣ ಪಾವತಿ ಕಂಪನಿ ವೈರ್‌ಕಾರ್ಡ್‌ನಲ್ಲಿ 190 ಕೋಟಿ ಯೂರೋ ಫಿಲಿಪ್ಪೀನ್ಸ್‌ನ ಎರಡು ಬ್ಯಾಂಕುಗಳಲ್ಲಿದೆ ಎಂದು ನಂಬಿಸಲಾಗಿತ್ತು. ವರ್ಷಗಳ ಕಾಲ ಇವೈ ಬ್ಯಾಂಕಿನ ಬದಲು, ಆ ಹಣ ನೋಡಿಕೊಳ್ಳುತ್ತಾನೆ ಎನ್ನಲಾದ ಟ್ರಸ್ಟಿಯ ಕಾಗದ ನೋಡಿ ಸಮಾಧಾನಪಟ್ಟುಕೊಂಡಿತು. 2020ರ ಜೂನ್‌ನಲ್ಲಿ ಆ ಬ್ಯಾಂಕುಗಳು, ‘ಇವರು ನಮ್ಮ ಗಿರಾಕಿಯೇ ಅಲ್ಲ’ ಎಂದವು. 2023ರಲ್ಲಿ ಜರ್ಮನಿಯ ಆಡಿಟ್ ಮೇಲ್ವಿಚಾರಕರು ವಿಧಿಸಿದ ದಂಡ 5 ಲಕ್ಷ ಯೂರೋ. ಜೊತೆಗೆ, ಸಾರ್ವಜನಿಕ ಹಿತಾಸಕ್ತಿಯ ಕಂಪನಿಗಳ ಹೊಸ ಆಡಿಟ್‌ಗಳನ್ನು ಎರಡು ವರ್ಷ ಹಿಡಿಯಬಾರದು. ಹಳೆಯವು ನಡೆಯಲಿ.

ಆಡಿಟರ್ ಕಾವಲು ನಾಯಿಯೇ ಹೊರತು ಬೇಟೆ ನಾಯಿಯಲ್ಲ ಎಂದು 1896ರಲ್ಲೇ ಇಂಗ್ಲೆಂಡಿನ ನ್ಯಾಯಮೂರ್ತಿ ಲೋಪ್ಸ್ ತೀರ್ಪಿತ್ತಿದ್ದರು. ವೃತ್ತಿಬಾಂಧವರಿಗೆ ಇಂದಿಗೂ ಅದು ಕಂಠಪಾಠ. ನಾಯಿಗೆ ಅನ್ನ ಹಾಕುವವರು ಯಾರು ಎಂದು ಆ ವಾಕ್ಯ ಹೇಳುವುದಿಲ್ಲ. 2000ನೇ ಇಸವಿಯಲ್ಲಿ, ಮುಂದೆ ಲೆಕ್ಕದ ವಂಚನೆಯಲ್ಲಿ ಮುಳುಗಿದ ಅಮೆರಿಕದ ಇಂಧನ ಕಂಪನಿ ಎನ್ರಾನ್ ತನ್ನ ಆಡಿಟರ್ ಆರ್ಥರ್ ಆಂಡರ್ಸನ್‌ಗೆ ಆಡಿಟ್ ಬಾಬ್ತು 2.5 ಕೋಟಿ ಡಾಲರ್, ಸಲಹೆ ಇತ್ಯಾದಿಗೆ 2.7 ಕೋಟಿ ಡಾಲರ್ ಕೊಟ್ಟಿತು. ಒಟ್ಟು 5.2 ಕೋಟಿ. ವಾರಕ್ಕೆ 10 ಲಕ್ಷ ಡಾಲರಿನ ಅನ್ನ ಉಂಡ ನಾಯಿ ಬೊಗಳಲು ಬಾಯಿ ಖಾಲಿ ಇರಬೇಕಲ್ಲ.

ಇನ್ನು ಹೊಣೆ. ಇವು ಸಂಸ್ಥೆಗಳಲ್ಲ, ‘ನೆಟ್‌ವರ್ಕ್’ಗಳು. ವಾರ್ಷಿಕ ಆದಾಯ ಸಾರುವಾಗ ನೂರಕ್ಕೂ ಹೆಚ್ಚು ದೇಶಗಳ ಅವಿಭಕ್ತ ಕುಟುಂಬ. ಒಂದೇ ಹೆಸರು, ಒಂದೇ ಬಣ್ಣ, ಒಂದೇ ಮೌಲ್ಯ. ನೋಟಿಸು ಬಂತೋ, ಪ್ರತಿ ದೇಶದವರದ್ದೂ ಬೇರೆ ಬೇರೆ ಒಲೆ. ದಾಯಾದಿಗಳ ಸಾಲಕ್ಕೆ ನಾವು ಜವಾಬ್ದಾರರಲ್ಲ.

ಆ ಕುಟುಂಬದ ಲೆಕ್ಕವನ್ನೇ ಹಿಡಿಯೋಣ. ಇವೈ 2022ರ ಜೂನ್‌ಗೆ ಮುಗಿದ ವರ್ಷದಲ್ಲಿ ಪ್ರಕಟಿಸಿದ ಜಾಗತಿಕ ಆದಾಯ 4,540 ಕೋಟಿ ಡಾಲರ್. ದಿನಕ್ಕೆ ಸುಮಾರು 12.4 ಕೋಟಿ. ಎಸ್‌ಇಸಿ ಆಡಿಟ್ ಸಂಸ್ಥೆಗೆ ಅದುವರೆಗೆ ಹಾಕಿದ ಅತಿ ದೊಡ್ಡ ದಂಡವೆಂದರೆ 19 ಗಂಟೆಯ ದುಡಿಮೆ. ಆದಾಯದ ಶೇ 0.22. ಮೇಲೆ ಹೇಳಿದ ಜರಡಿಯಲ್ಲಿ ಹಾಕಿ ನೋಡಿ, ನಿಲ್ಲುವುದೇ ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದ ಹಿರಿಯರಿಗೆ ಮೆಟೀರಿಯಾಲಿಟಿ ಗೊತ್ತಿರಲಿಲ್ಲ.

ದಂಡದ ಆದೇಶಗಳ ಕೊನೆಯಲ್ಲಿ ಸುಧಾರಣೆಯ ಷರತ್ತುಗಳೂ ಇರುತ್ತವೆ. ಅವುಗಳಲ್ಲೊಂದು, ಸಿಬ್ಬಂದಿಗೆ ಹೆಚ್ಚಿನ ತರಬೇತಿ. ಕೆಪಿಎಂಜಿಯವರು ನಕಲು ಮಾಡಿದ ಪರೀಕ್ಷೆಗಳಲ್ಲಿ ಕೆಲವು, ಅದಕ್ಕೂ ಹಿಂದೆ ಕೆಟ್ಟ ಆಡಿಟ್ ಮಾಡಿದ್ದಕ್ಕಾಗಿ ಎಸ್‌ಇಸಿಯೇ ಕಡ್ಡಾಯ ಮಾಡಿದ್ದ ತರಬೇತಿಯವು.

ಮುಂದಿನ ತರಬೇತಿಯ ಲಿಂಕೂ ಇಮೇಲ್‌ಗೆ ಬಂದಿರುತ್ತದೆ.