ನಾಲ್ಕು ತುಂಡು ಪೈಪಿಗಾಗಿ ಇಷ್ಟೆಲ್ಲ ಒಡೆಯಬೇಕಿತ್ತಾ?

ನಾನು ಕೇಳಿದ್ದು ನಾಲ್ಕು ತುಂಡು ಪೈಪು. ನಮ್ಮ ಹೊಸ ಮನೆಯ ಪಾಯದ ಮೇಲಿನ ಬೀಮಿಗೆ ಕಾಂಕ್ರೀಟ್ ಹಾಕುವ ಮೊದಲು, ಗುರುತು ಮಾಡಿದ ಜಾಗದಲ್ಲಿ ಅಡ್ಡಲಾಗಿ ಇಟ್ಟುಬಿಡಿ ಅಂತ ಕಾಂಟ್ರಾಕ್ಟರಿಗೆ ಹೇಳಿದ್ದೆ. ಒಂದು ಕರೆಂಟಿಗೆ, ಒಂದು ಬಾವಿ ನೀರಿಗೆ, ಒಂದು ಇಂಟರ್‌ನೆಟ್ ತಂತಿಗೆ, ದೊಡ್ಡದೊಂದು ಬಚ್ಚಲು ಮತ್ತು ಕಕ್ಕಸಿನ ನೀರು ಹೊರಗೆ ಹೋಗಲಿಕ್ಕೆ. ನಕ್ಷೆಯ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಕೊಟ್ಟಿದ್ದೆ. ಪೈಪುಗಳನ್ನೂ ನಾನೇ ತಂದು ಸಿಮೆಂಟ್ ಶೆಡ್ಡಿನಲ್ಲಿ ಇಡಿಸಿದ್ದೆ. ಶಾಲೆಯಿಂದ ಬಂದು ನೋಡಿದರೆ ಬೀಮಿಗೆ ಕಾಂಕ್ರೀಟ್ ಬಿದ್ದಾಗಿದೆ. ಪೈಪು ಶೆಡ್ಡಿನಲ್ಲೇ ಇದೆ.

ಕಾಂಟ್ರಾಕ್ಟರ್ ಹೇಳಿದ್ದು ಇಷ್ಟೇ: "ಅಕ್ಕೋರೆ, ಅದೆಲ್ಲ ಎಂತಾ ದೊಡ್ಡ ಕೆಲ್ಸ? ಬೇಕಾದಾಗ ಒಡ್ದು ಹಾಕುವಾ."

ಒಡೆದು ಹಾಕುವಾ! ನಾವು ಸಾಲ ಮಾಡಿ, ಪಿಎಫ್ ತೆಗೆದು, ಚಿರೆಕಲ್ಲಿನ ಒಂದೊಂದು ಲೋಡಿಗೂ ಲೆಕ್ಕ ಹಾಕಿ ಕಟ್ಟುವುದು ಒಡೆಯುವುದಕ್ಕಾ? ಒಂದೆರಡು ಸಾವಿರದ ಪೈಪು, ಅರ್ಧ ತಾಸಿನ ಕೆಲಸ. ಅದನ್ನು ಮಾಡಲಿಕ್ಕೆ ಪುರುಸೊತ್ತಿಲ್ಲ. ಆಮೇಲೆ ಕಾಂಕ್ರೀಟ್ ಒಡೆಯುವ ಬ್ರೇಕರ್ ಮಶೀನು ತಂದು ದಿನಗಟ್ಟಲೆ ಕೊರೆಯಲಿಕ್ಕೆ ಮಾತ್ರ ಪುರುಸೊತ್ತಿದೆ. ಯಾಕೆಂದರೆ ಅದರ ಕೂಲಿ ಕೊಡುವುದು ನಾವು.

ಕುಮಟಾ ತಾಲೂಕಿನ ಕಡಲ ಬದಿಯ ಊರು ನಮ್ಮದು. ಕರೆಂಟ್ ಕಂಬಕ್ಕೂ ಮನೆಗೂ ನಡುವೆ ತೆಂಗಿನ ಮರಗಳ ಸಾಲು. ಹಳೆ ಮನೆಯಲ್ಲಿ ಪ್ರತಿ ಮಳೆಗಾಲವೂ ಮಡಲು ಬಿದ್ದು ಸರ್ವೀಸ್ ವೈರು ಹರಿಯುತ್ತಿತ್ತು. ಒದ್ದೆ ಅಂಗಳದಲ್ಲಿ ಹರಿದ ತಂತಿ ಬಿದ್ದಿರುವಾಗ, ಬೆಳಗಿನ ಕತ್ತಲಲ್ಲಿ ಅತ್ತೆ ಕೊಟ್ಟಿಗೆಗೆ ಹೊರಟರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಹೊಸ ಮನೆಗೆ ಕರೆಂಟು ನೆಲದೊಳಗೇ ಬರಬೇಕು ಅಂತ ನಾನು ಹಟ ಹಿಡಿದಿದ್ದು ಈ ಕಾರಣಕ್ಕೆ. ಇದರಲ್ಲಿ ಶೋಕಿ ಏನೂ ಇಲ್ಲ.

ಈಗ ಒಡೆದ ಕಥೆ ಕೇಳಿ. ಆ ಬೀಮು ಸುಮ್ನೆ ಇರುವುದಲ್ಲ. ಮನೆಯ ಗೋಡೆಗಳನ್ನೆಲ್ಲ ಕೆಳಗಿನಿಂದ ಕಟ್ಟಿ ಹಿಡಿಯುವುದು ಅದು. ಒಳಗೆ ಉದ್ದ ಕಬ್ಬಿಣದ ಸರಳು, ಅವನ್ನು ಸುತ್ತಿ ಹಿಡಿಯುವ ಕಬ್ಬಿಣದ ರಿಂಗು. ಬ್ರೇಕರ್ ಹಿಡಿದ ಹುಡುಗ ತೂತು ಕೊರೆಯುವಾಗ ರಿಂಗು ತುಂಡು ಮಾಡಿದ. ಕೇಳಿದರೆ "ಒಂದೆರಡು ರಿಂಗಿಗೆ ಎಂತಾ ಆಗುದಿಲ್ಲ" ಎಂಬ ಉತ್ತರ. ಆಗುತ್ತದೆ. ಸಮುದ್ರದ ಉಪ್ಪುಗಾಳಿ ಬರುವ ಜಾಗದಲ್ಲಿ ಕಬ್ಬಿಣಕ್ಕೆ ನೀರು, ಗಾಳಿ ತಾಗಿದರೆ ತುಕ್ಕು ಬೇಗ ಹಿಡಿಯುತ್ತದೆ. ತುಕ್ಕು ಹಿಡಿದ ಸರಳು ಊದಿಕೊಳ್ಳುತ್ತದೆ. ಊದಿಕೊಂಡರೆ ಸುತ್ತಲಿನ ಕಾಂಕ್ರೀಟ್ ಬಿರಿಯುತ್ತದೆ. ನಮ್ಮ ಕರಾವಳಿಯ ಹಳೆಯ ಕಟ್ಟಡಗಳ ಸಜ್ಜಾ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟೇ ಅಲ್ಲ. ಕಾಂಕ್ರೀಟಿನಲ್ಲಿ ಮೊದಲೇ ಸ್ವಲ್ಪ ದೊಡ್ಡ ಪೈಪು ಕೂರಿಸಿ, ಅದರೊಳಗಿಂದ ನಿಜವಾದ ಪೈಪು ಹಾಯಿಸುವುದಕ್ಕೆ ಅರ್ಥವಿದೆ. ಆ ಹೊರಗಿನ ಪೈಪನ್ನು ಸ್ಲೀವ್ ಅನ್ನುತ್ತಾರೆ, ನಾನು ಕೇಳಿದ ನಾಲ್ಕು ತುಂಡೂ ಅದೇ. ಪಾಯದೊಳಗೆ ತುಂಬಿದ ಮಣ್ಣು ಮೊದಲ ಒಂದೆರಡು ಮಳೆಗಾಲದಲ್ಲಿ ಕುಸಿಯುತ್ತದೆ. ಸ್ಲೀವಿನೊಳಗೆ ಜಾಗ ಇದ್ದರೆ ಪೈಪು ಸ್ವಲ್ಪ ಆಚೀಚೆ ಆಗಿ ಸುಧಾರಿಸಿಕೊಳ್ಳುತ್ತದೆ. ತೂತು ಕೊರೆದು, ಪೈಪು ತೂರಿಸಿ, ಸುತ್ತ ಗಾರೆ ಮೆತ್ತಿದರೆ ಅದು ಅಲ್ಲಾಡುವುದಿಲ್ಲ. ಮಣ್ಣು ಇಳಿದ ದಿನ ಜಾಯಿಂಟು ಬಿಡುತ್ತದೆ. ಕಕ್ಕಸಿನ ನೀರು ಟೈಲ್ಸಿನ ಅಡಿಯಲ್ಲೇ ಸೋರಿದರೂ ನಮಗೆ ಗೊತ್ತಾಗುವುದು ವಾಸನೆ ಬಂದ ಮೇಲೆ.

ಇದನ್ನೆಲ್ಲ ನಾನು ಹೇಳಿದೆ. ಕೇಳಿದವರು ಯಾರು? ಪ್ರಶ್ನೆ ನನ್ನದು, ಉತ್ತರ ಹೋಗುವುದು ನನ್ನ ಗಂಡನ ಕಡೆಗೆ. ಅವರು ಪಾಪ, "ಅದನ್ನೆಲ್ಲ ನೋಡಿಕೊಳ್ಳುವುದು ಅವಳೇ, ಅವಳ ಹತ್ತಿರವೇ ಮಾತಾಡಿ" ಅಂತ ಪ್ರತಿ ಸಲ ಹೇಳುತ್ತಾರೆ. ಆದರೂ ಅದೇ. ಹೆಂಗಸರಿಗೆ ಅಡುಗೆ ಕಟ್ಟೆಯ ಗ್ರಾನೈಟ್ ಬಣ್ಣ ಕೇಳಬೇಕು, ನೆಲದೊಳಗಿನ ಮಾತು ಅವರಿಗೆ ಯಾಕೆ ಎಂಬ ಧೋರಣೆ ಇದೆಯಲ್ಲ, ಅದಕ್ಕೆ ನನಗೆ ಮೈ ಉರಿಯುತ್ತದೆ. ನಾನು ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳು. ಇಳಿಜಾರಿನ ಲೆಕ್ಕ ನನಗೆ ಬರುತ್ತದೆ.

ಕರೆಂಟಿನ ಕೆಲಸಕ್ಕೆ ಬಂದವರದ್ದು ಇನ್ನೊಂದು ಥರ. ಅಂಗಳದಲ್ಲಿ ಒಂದು ಅಡಿ ಆಳಕ್ಕೆ ಅಗಳ ತೋಡಿ, ಗೋಡೆಯೊಳಗೆ ಹಾಕುವ ತೆಳ್ಳನೆ ವೈರಿಂಗ್ ಪೈಪನ್ನೇ ಹಾಕಿ ಮುಚ್ಚಿದರು. ಕೆಳಗೆ ಚಿರೆಕಲ್ಲು ಗಟ್ಟಿ ಇದೆ, ಇಳಿಯುವುದಿಲ್ಲ ಅಂದರು. ಜೆಸಿಬಿ ಪಾಯ ತೋಡುವಾಗ ಅಂಗಳದಲ್ಲೇ ಇತ್ತಲ್ಲ? ಆಗಲೇ ಈ ಗೆರೆಯನ್ನೂ ತೋಡಿಸಿ ಅಂತ ನಾನು ಗೋಗರೆದಿದ್ದೆ. ಇಂಥ ಕೇಬಲ್ ನೆಲದಲ್ಲಿ 75 ಸೆಂಟಿಮೀಟರ್ ಆಳದಲ್ಲಿರಬೇಕು ಅಂತ ಭಾರತೀಯ ಮಾನಕದಲ್ಲೇ ಇದೆ, ಐಎಸ್ 1255. ಅಂದರೆ ಎರಡೂವರೆ ಅಡಿ. ಕೆಳಗೆ ಮರಳು, ಮೇಲೆ ಮರಳು, ಅದರ ಮೇಲೆ ಸಾಲಾಗಿ ಇಟ್ಟಿಗೆ, ಮಣ್ಣು ಮುಚ್ಚುವಾಗ ಎಚ್ಚರಿಕೆಯ ಬಣ್ಣದ ಪಟ್ಟಿ. ನಮ್ಮ ಅಂಗಳಗಳಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ. ಇವತ್ತು ಬಾಳೆಗೆ ಹೊಂಡ, ನಾಳೆ ಕರಿಬೇವಿಗೆ ಹೊಂಡ, ಚಪ್ಪರ ಹಾಕುವಾಗ ಕಂಬಕ್ಕೆ ಹೊಂಡ. ಒಂದು ಅಡಿ ಕೆಳಗಿರುವ ಕೇಬಲಿಗೆ ಪಿಕಾಸಿ ತಾಗಲಿಕ್ಕೆ ಎಷ್ಟು ಹೊತ್ತು ಬೇಕು?

ಕೇಬಲ್ ಎಳೆಯಲು ಹೊರಟಾಗ ಅದು ಅರ್ಧಕ್ಕೇ ಸಿಕ್ಕಿಕೊಂಡಿತು. ತಿರುವಿನಲ್ಲೆಲ್ಲ ನೀರಿನ ನಲ್ಲಿಗೆ ಹಾಕುವ ಚೂಪು ಎಲ್ಬೋ ಹಾಕಿದ್ದಾರೆ. ಆರ್ಮರ್ಡ್ ಕೇಬಲ್ ಮೇಲೆ ಉಕ್ಕಿನ ತಂತಿಯ ಕವಚ ಇರುತ್ತದೆ, ಅದು ಹಾಗೆ ಮಡಚುವುದಿಲ್ಲ. ಉದ್ದ ಬೆಂಡ್ ಬೇಕು. ಜಾಸ್ತಿ ತಿರುವು ಇದ್ದರೆ ನಡುವೆ ಒಂದು ಚೇಂಬರ್, ಅಂದರೆ ಮುಚ್ಚಳದ ಚಿಕ್ಕ ಗುಂಡಿ, ಬೇಕು. ಪೈಪಿನೊಳಗೆ ನೈಲಾನ್ ಹಗ್ಗ ಮೊದಲೇ ಬಿಟ್ಟಿರಬೇಕು. ಇವೆಲ್ಲ ಆಕಾಶದಿಂದ ಇಳಿಸುವ ವಿದ್ಯೆಯಾ? ಒಳ ಮೈ ನುಣುಪಾಗಿರುವ, ಹೊರಗೆ ಗೆರೆ ಗೆರೆ ಇರುವ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಈ ಕೆಲಸಕ್ಕಂತಲೇ ಇದೆ. ನಾನು ಅದನ್ನೇ ಬರೆದುಕೊಟ್ಟಿದ್ದೆ.

ಇಂಟರ್‌ನೆಟ್ ತಂತಿಯನ್ನು ಅದೇ ತೆಳ್ಳನೆ ಪೈಪಿನಲ್ಲಿ ತೂರಿಸುತ್ತೇವೆ ಅಂದರು. ಬೇಡವೇ ಬೇಡ ಅಂದೆ. ಕರೆಂಟಿಗೂ ಅದಕ್ಕೂ ಒಂದು ಅಡಿಯಾದರೂ ದೂರ ಇಟ್ಟು ಬೇರೆ ಪೈಪು ಹಾಕಬೇಕು. ಕೊನೆಗೆ ಅದು ಈಗ ತೆಂಗಿನ ಮರದಿಂದ ತೆಂಗಿನ ಮರಕ್ಕೆ ನೇತಾಡುತ್ತಿದೆ.

ಮಳೆ ಶುರುವಾದ ಮೇಲೆ ಇನ್ನೊಂದು ಹೊರಬಿತ್ತು. ಕರಾವಳಿಯ ಈ ಭಾಗದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ನೆಲದೊಳಗಿನ ಪೈಪಿಗೆ ನೀರು ಹೋಗಿಯೇ ಹೋಗುತ್ತದೆ. ಹಾಗಾಗಿ ಪೈಪು ಮನೆಯಿಂದ ಹೊರಕ್ಕೆ ಇಳಿಜಾರಾಗಿರಬೇಕು, ಎರಡೂ ತುದಿಯ ಬಾಯಿ ಮುಚ್ಚಿರಬೇಕು. ನಮ್ಮದು ಉಲ್ಟಾ, ಮನೆಯ ಕಡೆಗೇ ಇಳಿಜಾರು. ಮೀಟರ್ ಬೋರ್ಡಿನ ಬುಡದಲ್ಲಿ ಕೆಂಪು ನೀರು ಜಿನುಗಿ ಗೋಡೆಯೆಲ್ಲ ಕಲೆ. ಕರೆಂಟು ಇರುವ ಜಾಗದಲ್ಲಿ ನೀರು! ಬಾಯಿ ಮುಚ್ಚದ ಪೈಪಿನಲ್ಲಿ ಹೆಗ್ಗಣ ಬರುತ್ತದೆ, ಹೆಗ್ಗಣದ ಹಿಂದೆ ಹಾವು ಬರುತ್ತದೆ. ಇದು ನಮ್ಮ ಊರಿನ ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ.

ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಗುಂಡಿಯನ್ನು ಪೋರ್ಟಿಕೋ ಅಡಿಗೆ ಹಾಕಿ ಮೇಲೆ ಕಾಂಕ್ರೀಟ್ ಮಾಡಿದ್ದಾರೆ. ಅದು ಗೋಡೆಯಿಂದ ಐದು ಅಡಿಯಾದರೂ ಆಚೆ, ಮುಚ್ಚಳ ತೆಗೆದು ನೋಡುವ ಹಾಗೆ ಇರಬೇಕು. ಬೇಸಿಗೆಯಲ್ಲಿ ಚಿರೆಕಲ್ಲಿನ ನೆಲ ಒಣಗಿ ಬಣಗುಡುತ್ತದೆ. ಒಣಗಿದ ನೆಲಕ್ಕೆ ಕರೆಂಟು ಸರಿಯಾಗಿ ಇಳಿಯುವುದಿಲ್ಲ, ಆಗ ಗುಂಡಿಗೆ ನೀರು ಹಾಕಬೇಕು. ನಮ್ಮಲ್ಲಿ ಗುಡುಗು ಸಿಡಿಲು ಜಾಸ್ತಿ ಇರುವುದೇ ಮೇ ತಿಂಗಳಲ್ಲಿ, ಮತ್ತೆ ಮಳೆಗಾಲ ಮುಗಿಯುವಾಗ. ಟೈಲ್ಸಿನ ಮೇಲೆ ಕೊಡ ಸುರಿಯಬೇಕಾ? ಮುಂದೆ ಸೋಲಾರ್ ಹಾಕಿಸುವ ಆಸೆ ಇದೆ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಇದೆ. ಅದಕ್ಕೆ ಸಾಮಾನ್ಯವಾಗಿ ಮೂರು ಬೇರೆ ಬೇರೆ ಅರ್ಥಿಂಗ್ ಗುಂಡಿ ಬೇಕು, ಒಂದು ಸಿಡಿಲಿಗಂತಲೇ. ಅದಕ್ಕೆ ಜಾಗ ಬಿಡಿ ಅಂದಿದ್ದೂ ಗಾಳಿಗೆ ಹೋಯಿತು.

ಆದರೆ ನನಗೆ ನಿದ್ದೆ ಬಾರದ ಹಾಗೆ ಮಾಡಿದ್ದು ಇದ್ಯಾವುದೂ ಅಲ್ಲ. ಆ ನಾಲ್ಕನೆಯ ಪೈಪು.

ಹೊಲಸು ನೀರು ಮುಂದಿನ ತೋಟದ ಮೂಲೆಗೆ ಹೋಗಬೇಕು ಅಂತ ನಾನು ಗೆರೆ ಎಳೆದಿದ್ದೆ. 60 ಅಡಿ ಉದ್ದ, 10 ಅಡಿಗೆ 3 ಇಂಚಿನಂತೆ ಒಟ್ಟು ಒಂದೂವರೆ ಅಡಿ ಇಳಿತ. ಜಾಗ ಇತ್ತು, ಇಳಿಜಾರು ಇತ್ತು. ಮುಂದುಗಡೆ ಬೀಮಿನಲ್ಲಿ ಸ್ಲೀವ್ ಇಡಲಿಲ್ಲವಲ್ಲ, ಅದಕ್ಕೆ ಇವರು ಸುಲಭ ಕಂಡ ಹಿಂಬದಿಯಲ್ಲಿ ತೂತು ಕೊರೆದರು. ಹಿಂಬದಿಯಲ್ಲಿ ಪೈಪು ಹೊರಬಂದ ಮೇಲೆ ಸೆಪ್ಟಿಕ್ ಟ್ಯಾಂಕೂ ಅಲ್ಲೇ, ಅದರ ನೀರು ನೆಲಕ್ಕೆ ಇಳಿಯುವ ಇಂಗು ಗುಂಡಿಯೂ ಅಲ್ಲೇ. ಪಾಗಾರದ ಆಚೆ ಪಕ್ಕದ ಮನೆಯವರ ಬಾವಿ. ಟೇಪು ಹಿಡಿದರೆ 30 ಅಡಿಯೂ ಇಲ್ಲ. ನಾನು ಇಲ್ಲದ ಹೊತ್ತಿನಲ್ಲಿ ತೋಡಿ, ಸಿಮೆಂಟ್ ರಿಂಗು ಇಳಿಸಿ, ಮುಚ್ಚಳ ಹಾಕಿ ಮುಗಿಸಿದ್ದಾರೆ.

ಕುಡಿಯುವ ನೀರಿನ ಬಾವಿಯಿಂದ ಇಂಗು ಗುಂಡಿ ಕನಿಷ್ಠ 18 ಮೀಟರ್ ದೂರ ಇರಬೇಕು ಅಂತ ಸೆಪ್ಟಿಕ್ ಟ್ಯಾಂಕಿನ ಮಾನಕ ಐಎಸ್ 2470 ಹೇಳುತ್ತದೆ. ಸುಮಾರು 60 ಅಡಿ. ನಮ್ಮ ನೆಲದಲ್ಲಿ ಅದಕ್ಕಿಂತ ಜಾಸ್ತಿ ಇದ್ದರೇ ಒಳ್ಳೆಯದು. ಚಿರೆಕಲ್ಲು ಅಂದರೆ ತೂತು ತೂತು. ಒಂದು ಕಡೆ ಇಂಗಿದ ನೀರು ಆ ಸಂದುಗಳನ್ನೇ ಹಿಡಿದು ಇನ್ನೊಂದು ಕಡೆ ಬೇಗ ಬರುತ್ತದೆ, ಮಣ್ಣಿನಲ್ಲಿ ಸೋಸಿದ ಹಾಗೆ ಸೋಸುವುದಿಲ್ಲ. ಜುಲೈ ತಿಂಗಳಲ್ಲಿ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬಂದಿರುತ್ತದೆ. ಆಗ ಇಂಗು ಗುಂಡಿಯ ತಳವೇ ನೀರಿನಲ್ಲಿ ಮುಳುಗಿರುತ್ತದೆ. ಇಂಗುವುದು ಎಲ್ಲಿಗೆ? ನೇರ ಬಾವಿಗೇ ಅಲ್ವಾ?

ಪಕ್ಕದ ಮನೆಯ ಅಮ್ಮ ಜಗಳ ಮಾಡಲಿಲ್ಲ. ಪಾಗಾರದ ಹತ್ತಿರ ನಿಂತು, "ತಂಗೀ, ನಿಮ್ಮ ಗುಂಡಿ ನಮ್ಮ ಬಾವಿಗೆ ಹತ್ರ ಆಗುದಿಲ್ವೇ?" ಅಂತ ಕೇಳಿದರು. ಮನೆಗೆ ಪಾಯ ಹಾಕಿದ ದಿನದಿಂದ ಕೂಲಿಯವರಿಗೆ ಕುಡಿಯುವ ನೀರು ಕೊಟ್ಟಿದ್ದು ಅದೇ ಬಾವಿ. ಆ ಗುಂಡಿ ತೋಡಿದವರೂ ಅದೇ ನೀರು ಕುಡಿದವರು. ಅವರಿಗೆ ಹೇಗೆ ಮನಸ್ಸು ಬಂತು?

ಕೇಳಿದರೆ ಒಬ್ಬರ ಮೇಲೆ ಒಬ್ಬರು. ಪ್ಲಂಬರ್ ಹೇಳುತ್ತಾರೆ, ತೂತು ಇದ್ದ ಕಡೆ ಪೈಪು ತಂದೆ ಅಂತ. ಗವಂಡಿ ಹೇಳುತ್ತಾರೆ, ಕಾಂಟ್ರಾಕ್ಟರ್ ಹೇಳಿದಲ್ಲಿ ಕೊರೆದೆ ಅಂತ. ಕಾಂಟ್ರಾಕ್ಟರ್ ಹೇಳುತ್ತಾರೆ, "ಈ ಬದಿಲ್ಲೆಲ್ಲ ಹೀಗೇ ಮಾಡುದು". ಒಂದೇ ಅಂಗಳದಲ್ಲಿ ದುಡಿಯುವ ಇವರು ಒಂದು ಸಲವೂ ಒಟ್ಟಿಗೆ ಕೂತು ನಕ್ಷೆ ನೋಡಿಲ್ಲ. ಪರವಾನಗಿಗೆ ಮಾಡಿಸುವ ನಕ್ಷೆಯಲ್ಲಿ ಕೋಣೆ, ಕಿಟಕಿ, ಮೆಟ್ಟಿಲು ಎಲ್ಲ ಇಂಚಿಂಚೂ ಇರುತ್ತದೆ. ನೆಲದ ಅಡಿಯಲ್ಲಿ ಏನು ಎಲ್ಲಿ ಹೋಗುತ್ತದೆ ಎಂಬುದಕ್ಕೆ ಒಂದು ಹಾಳೆಯೂ ಇಲ್ಲ. ಇಂಜಿನಿಯರನ್ನು ಕೇಳಿದರೆ "ಅದು ಸೈಟಿನಲ್ಲಿ ನೋಡಿಕೊಳ್ಳುವುದು" ಅನ್ನುತ್ತಾರೆ. ಸೈಟಿನಲ್ಲಿ ನೋಡುವವರು ಯಾರು?

ಈಗ ಮನೆ ಕಟ್ಟಲು ಹೊರಟವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಪಾಯಕ್ಕೆ ಗೆರೆ ಎಳೆಯುವ ದಿನವೇ ಎಲ್ಲರನ್ನೂ ಒಟ್ಟಿಗೆ ಕರೆಸಿ. ಬೀಮಿಗೆ ಕಾಂಕ್ರೀಟ್ ಹಾಕುವ ಬೆಳಿಗ್ಗೆ ರಜೆ ಹಾಕಿ ಅಲ್ಲೇ ನಿಲ್ಲಿ. ಅಗಳ ಮುಚ್ಚುವ ಮೊದಲು ಟೇಪು ಇಟ್ಟು, ಗೋಡೆಯಿಂದ ಎಷ್ಟು ದೂರ, ಎಷ್ಟು ಆಳ ಅಂತ ಕಾಣುವ ಹಾಗೆ ಫೋಟೋ ತೆಗೆಯಿರಿ. ಜೆಸಿಬಿ ವಾಪಸ್ ಹೋಗುವ ಮೊದಲು ಎಲ್ಲ ಗೆರೆಗಳನ್ನೂ ತೋಡಿಸಿಕೊಳ್ಳಿ. ದುಡ್ಡಿನ ಕಂತನ್ನು ಈ ಕೆಲಸಕ್ಕೆ ಕಟ್ಟಿಹಾಕಿ. ಬಾಯಿಮಾತಿಗೆ ಇಲ್ಲಿ ಬೆಲೆ ಇಲ್ಲ, ಕೆಂಪು ಪೆನ್ನಿನ ಗೆರೆಗೂ ಇಲ್ಲ.

ನಮ್ಮ ಮನೆಯ ಮಾತು ಹೇಳುತ್ತೇನೆ. ಗೃಹಪ್ರವೇಶದ ದಿನ ನೋಡಿಸಿ ಆಗಿತ್ತು, ಬೇಡ ಅಂದುಬಿಟ್ಟೆ. ಆ ಇಂಗು ಗುಂಡಿಗೆ ನಮ್ಮ ಮನೆಯ ಒಂದು ಹನಿ ನೀರೂ ಬೀಳುವುದಿಲ್ಲ. ಅದನ್ನು ಮುಚ್ಚಿ, ಮುಂದಿನ ತೋಟದ ಮೂಲೆಯಲ್ಲಿ ಹೊಸದು ತೋಡಿ, ಪೈಪು ತಿರುಗಿಸಿ ಕೊಡಬೇಕು, ಅವರದೇ ಖರ್ಚಿನಲ್ಲಿ. ಮುಂದಿನ ಜೂನ್ ಒಳಗೆ ಆಗಬೇಕು. ಅಲ್ಲಿಯವರೆಗೆ ಕೊನೆಯ ಕಂತು ನನ್ನ ಕೈಯಿಂದ ಹೊರಡುವುದಿಲ್ಲ. ಅವರು ಯಾರ ಹತ್ತಿರ ಬೇಕಾದರೂ ಹೇಳಿಸಲಿ, ನನ್ನ ಗಂಡನ ಹತ್ತಿರವೂ.