ಸ್ಪಷ್ಟನೆ: ಸಾಲ ಪಡೆಯದ ಕಂಪನಿಗಳೆಲ್ಲ ಸಾಲ ಸಿಗದ ಕಂಪನಿಗಳಲ್ಲ

‘ಪೋಲೆಂಡ್, ರೊಮೇನಿಯಾ, ಉಕ್ರೇನ್‌ಗಳಲ್ಲಿ ಸಾಲವಿಲ್ಲದ ಕಂಪನಿಗಳಿಗೆಲ್ಲ ಬ್ಯಾಂಕು ಬಾಗಿಲು ಮುಚ್ಚಿದೆ, ಹೂಡಿಕೆ ನಿಂತಿದ್ದೇ ಅದರಿಂದ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ವಿಶ್ವಬ್ಯಾಂಕ್ ಮತ್ತು ಇಬಿಆರ್‌ಡಿ (ಯುರೋಪಿನ ಪುನರ್ನಿರ್ಮಾಣ ಮತ್ತು ಅಭಿವೃದ್ಧಿ ಬ್ಯಾಂಕ್) 1999ರಲ್ಲಿ ಶುರುಮಾಡಿದ ಕಂಪನಿ ಸಮೀಕ್ಷೆಯ ಈಚಿನ ಸುತ್ತುಗಳ ಪ್ರಶ್ನಾವಳಿ ನೋಡಿ: ಕಳೆದ ಹಣಕಾಸು ವರ್ಷದಲ್ಲಿ ಸಾಲಕ್ಕೆ ಅರ್ಜಿ ಹಾಕಿದಿರಾ? ಇಲ್ಲವಾದರೆ ಯಾಕೆ? ‘ಬಂಡವಾಳ ಸಾಕಷ್ಟಿದೆ, ಸಾಲ ಬೇಡ’ ಎಂದವರನ್ನು ಸಾಲ ಸಿಗದವರ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅರ್ಜಿ ತಿರಸ್ಕೃತವಾದವರು, ಜೊತೆಗೆ ಸಾಲ ಬೇಕಿದ್ದೂ ಬಡ್ಡಿ, ಅಡಮಾನ, ಕಾಗದಪತ್ರದ ಕಾಟಕ್ಕೆ ಬೇಸತ್ತು ಅರ್ಜಿಯನ್ನೇ ಹಾಕದವರು ಆ ಲೆಕ್ಕಕ್ಕೆ ಬರುತ್ತಾರೆ. (ಈ ಎರಡನೆಯವರನ್ನು ಮರೆತರೆ ಲೆಕ್ಕ ಇನ್ನೊಂದು ದಿಕ್ಕಿಗೆ ತಪ್ಪುತ್ತದೆ.) ಇನ್ನು ಹೂಡಿಕೆಯ ಮಾತು: ಯಂತ್ರ ಖರೀದಿಗೆ ಹಣ ಎಲ್ಲಿಂದ ಬಂತು ಎಂಬುದು ಬೇರೆಯೇ ಪ್ರಶ್ನೆ, ಅಲ್ಲಿ ಕಂಪನಿಯ ಸ್ವಂತ ಹಣದ ಪಾಲೇ ದೊಡ್ಡದು.

ಆ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.